ಓದುಗರ ಪ್ರಶ್ನೆ, ನಮ್ಮ ಉತ್ತರ: ಚೀಲದಲ್ಲಿ ಹಿಡಿಯುವ ಮಡಚು ಕೊಡೆ

(ಒಂದೇ ವಿಷಯಕ್ಕೆ ಬಂದ ಪ್ರಶ್ನೆಗಳನ್ನು ಸೇರಿಸಿ ಒಂದಾಗಿ ಕೊಟ್ಟಿದ್ದೇವೆ.)

ಪ್ರಶ್ನೆ: ಮೂರು ಮಡಿಕೆಯ ಕೊಡೆಯಲ್ಲಿ ಪ್ರತಿ ಕಡ್ಡಿಯೂ ಮೂರು ತುಂಡು. ಹಾಗಿದ್ದರೂ ಒಮ್ಮೆ ಮೇಲಕ್ಕೆ ತಳ್ಳಿದರೆ ಎಲ್ಲ ತುಂಡುಗಳೂ ಒಟ್ಟಿಗೆ ನೆಟ್ಟಗಾಗುವುದು ಹೇಗೆ?

ಉತ್ತರ: ಕೊಡೆಯನ್ನು ಅರ್ಧ ಬಿಚ್ಚಿ, ಬುಡಮೇಲು ಹಿಡಿದು, ಒಂದೇ ಒಂದು ಕಡ್ಡಿಯನ್ನು ಗಮನಿಸಿ. ನೆತ್ತಿಯ ಹತ್ತಿರದ ತುಂಡು ದಂಡದ ತುದಿಗೆ ಕೀಲಿನಿಂದ ಕೂಡಿದೆ. ದಂಡದ ಮೇಲೆ ಜಾರುವ ಪ್ಲಾಸ್ಟಿಕ್ ಬಳೆಯಿಂದ, ಅಂದರೆ ರನ್ನರ್‌ನಿಂದ, ಹೊರಟ ಆಸರೆ ಕಡ್ಡಿ ಇದನ್ನು ಕೆಳಗಿನಿಂದ ಎತ್ತುತ್ತದೆ. ಇಲ್ಲಿಯವರೆಗೆ ಉದ್ದ ಕೊಡೆಗೂ ಇದಕ್ಕೂ ವ್ಯತ್ಯಾಸವಿಲ್ಲ. ಮುಂದಿನ ತುಂಡಿನಲ್ಲಿ ಉಪಾಯ ಇದೆ. ಅದರ ಒಳತುದಿ ಕೀಲಿನ ಹತ್ತಿರ ನಿಲ್ಲದೆ ಸ್ವಲ್ಪ ಹಿಂದಕ್ಕೆ ಬಾಲದಂತೆ ಚಾಚಿರುತ್ತದೆ. ಆ ಬಾಲಕ್ಕೆ ಒಂದು ತೆಳುವಾದ ಕಡ್ಡಿ ಅಥವಾ ಉಕ್ಕಿನ ತಂತಿ ಸಿಕ್ಕಿಸಿದ್ದು, ಅದು ಹಿಂದಿನ ತುಂಡಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಓಡುತ್ತದೆ. ರನ್ನರ್ ಏರಿದಾಗ ಮೊದಲ ತುಂಡಿನ ಕೋನ ಬದಲಾಗುತ್ತದೆ, ತಂತಿ ಬಾಲವನ್ನು ಎಳೆಯುತ್ತದೆ, ಬಾಲ ತಿರುಗಿದರೆ ತುಂಡು ಹೊರಕ್ಕೆ ಚಾಚುತ್ತದೆ. ಮೂರನೆಯ ತುಂಡಿಗೂ ಇದೇ ವ್ಯವಸ್ಥೆ ಮತ್ತೊಮ್ಮೆ. ನಾಲ್ಕು ಕೀಲಿನ ಚೌಕಟ್ಟುಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಜೋಡಿಸಿದ್ದಾರೆ, ಅಷ್ಟೆ.

ಮಡಚಿದಾಗ ಈ ಮೂರೂ ತುಂಡುಗಳು ಒಂದು ಕೆಳಕ್ಕೆ, ಒಂದು ಮೇಲಕ್ಕೆ, ಇನ್ನೊಂದು ಮತ್ತೆ ಕೆಳಕ್ಕೆ ಹೋಗಿ ದಂಡಕ್ಕೆ ಅಂಟಿ ಕೂರುತ್ತವೆ. ಒಂದು ಕಡ್ಡಿಗೆ ಐದಾರು ಕೀಲು ಎಂದರೂ ಎಂಟು ಕಡ್ಡಿಗೆ ನಲವತ್ತಕ್ಕೆ ಮೇಲಾಯಿತು. ಮಡಚು ಕೊಡೆಯಲ್ಲಿ ಉದ್ದ ಉಳಿಸಿದ ಪ್ರತಿ ಸೆಂಟಿಮೀಟರಿಗೂ ಕೀಲಿನ ಲೆಕ್ಕದಲ್ಲಿ ಬೆಲೆ ತೆತ್ತಿರುತ್ತೇವೆ. ಕೊಳ್ಳುವಾಗ ಬಟ್ಟೆಯ ಬಣ್ಣ ನೋಡುವ ಮೊದಲು ಕೀಲು ನೋಡಿ. ಕಡ್ಡಿಯ ತುದಿ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿದಾಗ ರಿವೆಟ್ ಜಾಗದಲ್ಲಿ ಲಟಲಟ ಎಂದರೆ ಆ ಕೊಡೆ ಬೇಡ.

ಪ್ರಶ್ನೆ: ಕಾಲೇಜಿನ ಪ್ರಾಜೆಕ್ಟಿಗೆ ಮಡಚಿದರೆ 24 ಸೆಂ.ಮೀ. ಆಗುವ ಕೊಡೆಯ ಮಾದರಿ ಮಾಡುತ್ತಿದ್ದೇವೆ. ದಂಡದ ಅಳತೆಯನ್ನು ಹೇಗೆ ಹಂಚಬೇಕು? ನಾವು ಮಾಡಿದ ಮೊದಲ ದಂಡ ಬಿಚ್ಚಿದಾಗ ತುಂಬಾ ಅಲುಗುತ್ತಿದೆ.

ಉತ್ತರ: 24ರಲ್ಲಿ ಹಿಡಿಕೆಗೆ 5, ನೆತ್ತಿಯ ಟೋಪಿಗೆ 1 ಸೆಂ.ಮೀ. ಬಿಟ್ಟರೆ ಉಳಿಯುವುದು 18. ಒಂದರೊಳಗೊಂದು ಜಾರುವ ಮೂರು ಕೊಳವೆಗಳೂ 18 ಸೆಂ.ಮೀ. ಎಂದಿಟ್ಟುಕೊಳ್ಳಿ. ಬಿಚ್ಚಿದಾಗ ಎರಡು ಕಡೆ ಒಂದರೊಳಗೊಂದು ಸ್ವಲ್ಪ ಉಳಿಯಲೇಬೇಕು. ಅದು 2.5 ಸೆಂ.ಮೀ. ಆದರೆ ದಂಡ 54ರಲ್ಲಿ 5 ಕಳೆದು 49 ಸೆಂ.ಮೀ., ಹಿಡಿಕೆ ಸೇರಿ 54. 53 ಸೆಂ.ಮೀ. ಕಡ್ಡಿಗೆ ಇದು ಸರಿಹೊಂದುತ್ತದೆ.

ಅಲುಗಾಟಕ್ಕೆ ಕಾರಣ ಆ 2.5 ಸೆಂ.ಮೀ. ಹಿಡಿತ ಮತ್ತು ಕೊಳವೆಗಳ ನಡುವಿನ ಸಂದು. ಸಂದು 0.3 ಮಿ.ಮೀ. ಇದ್ದರೆ 25 ಮಿ.ಮೀ. ಹಿಡಿತದಲ್ಲಿ ಕೊಳವೆ 0.3/25, ಅಂದರೆ 0.012 ರೇಡಿಯನ್ ವಾಲಬಲ್ಲದು. ಕೆಳಗಿನ ಕೂಡಿನಿಂದ ನೆತ್ತಿಗೆ ಸುಮಾರು 33 ಸೆಂ.ಮೀ., ಮೇಲಿನ ಕೂಡಿನಿಂದ ಸುಮಾರು 17. ಎರಡರ ವಾಲುವಿಕೆ ಸೇರಿ ನೆತ್ತಿ 6 ಮಿ.ಮೀ. ಸರಿಯುತ್ತದೆ. ಹಿಡಿತವನ್ನು 4 ಸೆಂ.ಮೀ.ಗೆ ಏರಿಸಿದರೆ ದಂಡ 3 ಸೆಂ.ಮೀ. ಮೊಟಕಾಗುತ್ತದೆ, ಅಲುಗಾಟ 4 ಮಿ.ಮೀ. ಹತ್ತಿರಕ್ಕೆ ಇಳಿಯುತ್ತದೆ. ನಮ್ಮ ಸಲಹೆ ಬೇರೆ: ಹಿಡಿತ ಇದ್ದಷ್ಟೇ ಇರಲಿ, ಸಂದನ್ನು 0.15ಕ್ಕೆ ಇಳಿಸಿ. ಅದಕ್ಕಿಂತ ಬಿಗಿ ಮಾಡಿದರೆ ಒಂದು ಮರಳಿನ ಕಣ ಸಾಕು, ಕೊಳವೆ ಕಚ್ಚಿಕೊಳ್ಳುತ್ತದೆ. ದುಂಡು ಕೊಳವೆಯ ಬದಲು ಉದ್ದಕ್ಕೆ ಗೀರು ಇರುವ ಅಥವಾ ಆರು ಮೂಲೆಯ ಕೊಳವೆ ಹಾಕಿ. ದುಂಡಾದರೆ ಗಾಳಿಗೆ ನೆತ್ತಿ ಹಿಡಿಕೆಯ ಮೇಲೆ ಗಿರಗಿರ ತಿರುಗುತ್ತದೆ.

ಬಟ್ಟೆಯನ್ನು ಚೌಕಟ್ಟಿನ ಅಳತೆಗೆ ಸರಿಯಾಗಿ ಕತ್ತರಿಸಬೇಡಿ, ತುಸು ಚಿಕ್ಕದಿರಲಿ. ಬಟ್ಟೆ ಕಡ್ಡಿಯನ್ನು ಬಗ್ಗಿಸಿ ಹಿಡಿದಾಗಲೇ ಗುಮ್ಮಟದ ಆಕಾರ ಬರುವುದು. ಸಡಿಲವಾದರೆ ಪಟಪಟಿಸಿ ಹೊಲಿಗೆ ಹರಿಯುತ್ತದೆ, ಅತಿ ಬಿಗಿಯಾದರೆ ರನ್ನರ್ ಮೇಲಿನ ಚಿಲಕಕ್ಕೆ ತಲುಪುವುದೇ ಇಲ್ಲ.

ಪ್ರಶ್ನೆ: ಚೀಟಿಯಲ್ಲಿ 21 ಇಂಚು ಎಂದಿದೆ. ಬಿಚ್ಚಿ ಅಳೆದರೆ ಒಂದು ಮೀಟರೂ ಇಲ್ಲ. ಮೋಸವೇ?

ಉತ್ತರ: ಮೋಸವಲ್ಲ. 21 ಇಂಚು ಎನ್ನುವುದು ಒಂದು ಕಡ್ಡಿಯ ಉದ್ದ, 53.3 ಸೆಂ.ಮೀ. ಎದುರುಬದುರು ಎರಡು ಕಡ್ಡಿ ಸೇರಿ 107 ಸೆಂ.ಮೀ. ಆದರೂ ಬಾಗಿರುವುದರಿಂದ ತುದಿಯಿಂದ ತುದಿಗೆ 95-97 ಮಾತ್ರ ಬರುತ್ತದೆ. ಇನ್ನೂ ಒಂದು ಕಡಿತ ಇದೆ. ಕೊಡೆ ವೃತ್ತವಲ್ಲ, ಎಂಟು ಮೂಲೆ. 96 ಸೆಂ.ಮೀ. ಕೊಡೆಯಲ್ಲಿ ಎರಡು ಪಕ್ಕದ ತುದಿಗಳ ನಡುವೆ ಸುಮಾರು 37 ಸೆಂ.ಮೀ. ಅಂಚು. ಒಂದು ಅಂಚಿನ ನಡುವಿನಿಂದ ಎದುರಿನ ಅಂಚಿಗೆ ಅಳೆದರೆ 89 ಸಹ ದಾಟದು. ಹೆಗಲು ನೆನೆಯುವುದು ಇದೇ ಜಾಗದಲ್ಲಿ. ಆದ್ದರಿಂದ ಚೀಟಿ ಓದುವಾಗ ಕಡ್ಡಿಯ ಉದ್ದವೋ, ಬಾಗಿದ ಮೇಲ್ಮೈಯ ಉದ್ದವೋ, ನೇರ ಅಗಲವೋ ಎಂದು ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ಐದು ಮಡಿಕೆಯ ಕೊಡೆ ಅಂಗೈ ಉದ್ದಕ್ಕೆ ಮಡಚುತ್ತದೆ. ದಿನಬಳಕೆಗೆ ಆದೀತೇ?

ಉತ್ತರ: ಅನಿರೀಕ್ಷಿತ ಮಳೆಗೆಂದು ಚೀಲದ ಮೂಲೆಯಲ್ಲಿ ಇಟ್ಟುಕೊಳ್ಳಲು ಒಳ್ಳೆಯದು, ಮಳೆಗಾಲವಿಡೀ ಬಳಸಲು ಬೇಡ. 15-18 ಸೆಂ.ಮೀ.ಗೆ ಇಳಿಸಲು ಕೊಳವೆ ನಾಲ್ಕೋ ಐದೋ ಆಗುತ್ತವೆ, ತುತ್ತತುದಿಯ ಕೊಳವೆ ಪೆನ್ಸಿಲ್‌ನಷ್ಟು ಸಣ್ಣದಾಗುತ್ತದೆ. ಗಾಳಿಯ ಭಾರವೆಲ್ಲ ಹಾದುಹೋಗುವುದು ಆ ಸಣ್ಣ ಕೊಳವೆಯ ಮೂಲಕವೇ. ಮಡಚುವಾಗಲೂ ಪ್ರತಿ ಕಡ್ಡಿಯ ತುಂಡುಗಳನ್ನು ಕೈಯಿಂದ ಜೋಡಿಸಿ ಕೂರಿಸಬೇಕಾದ ಮಾದರಿಗಳಿವೆ. ಬಸ್ ಹತ್ತುವ ಅವಸರದಲ್ಲಿ ಬಲವಂತವಾಗಿ ಮಡಚಿದಾಗ ಮೊದಲು ಬಾಗುವುದು ತಂತಿಗಳು.

ಪ್ರಶ್ನೆ: ಗಾಳಿಗೆ ಕೊಡೆ ಮೇಲ್ಮುಖವಾಗಿ ಮಗುಚುತ್ತದೆ. ಉಕ್ಕಿನ ಕಡ್ಡಿ ಒಳ್ಳೆಯದೋ ಫೈಬರ್‌ಗ್ಲಾಸೋ? ಎರಡು ಪದರದ ಕೊಡೆಯಿಂದ ನಿಜವಾಗಿ ಉಪಯೋಗವಿದೆಯೇ?

ಉತ್ತರ: ಮೊದಲು ಭಾರ ಎಷ್ಟು ಎಂದು ನೋಡೋಣ. 96 ಸೆಂ.ಮೀ. ಕೊಡೆಯ ಬಾಯಿಯ ವಿಸ್ತೀರ್ಣ ಸುಮಾರು 0.7 ಚದರ ಮೀಟರ್. ಗಂಟೆಗೆ 36 ಕಿ.ಮೀ. ಗಾಳಿ ನೇರ ಬಾಯಿಯೊಳಗೆ ನುಗ್ಗಿದರೆ 5-6 ಕೆ.ಜಿ. ತೂಕದಷ್ಟು ಎಳೆತ ಬೀಳುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು, 20 ಕೆ.ಜಿ.ಗೂ ಮೀರುತ್ತದೆ. ಕಡ್ಡಿ, ಕೀಲುಗಳ ವಿನ್ಯಾಸವೆಲ್ಲ ಮೇಲಿಂದ ಕೆಳಕ್ಕೆ ಬೀಳುವ ಮಳೆಗೆ ಹೊಂದಿಸಿದ್ದು. ಆಸರೆ ಕಡ್ಡಿ ಕೆಳಗಿನಿಂದ ಒತ್ತಿ ಹಿಡಿಯಬಲ್ಲದು, ಆದರೆ ಗಾಳಿ ಒಳಗಿನಿಂದ ಮೇಲಕ್ಕೆ ಎತ್ತಿದಾಗ ಹೊರತುಂಡುಗಳನ್ನು ಕೆಳಕ್ಕೆ ಹಿಡಿದಿಡುವುದು ಆ ತೆಳು ತಂತಿಗಳು ಮತ್ತು ಬಟ್ಟೆಯ ಬಿಗುವು ಮಾತ್ರ.

ಕಡ್ಡಿಯ ವಿಷಯದಲ್ಲಿ ಎಲ್ಲ ತುಂಡಿಗೂ ಒಂದೇ ಉತ್ತರವಿಲ್ಲ. ನೆತ್ತಿಯ ಹತ್ತಿರದ ತುಂಡಿನಲ್ಲಿ ಬಾಗಿಸುವ ಬಲ ಹೆಚ್ಚು, ರಿವೆಟ್ ತೂತುಗಳೂ ಅಲ್ಲೇ ಹೆಚ್ಚು. ಅಲ್ಲಿ ಉಕ್ಕು ಇರಲಿ. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಫಾಕ್ಸ್ 1852ರಲ್ಲಿ ತಂದ ತೊಟ್ಟಿಯಾಕಾರದ, ಅಂದರೆ ಮೂರು ಬದಿ ಮಡಚಿದ ಉಕ್ಕಿನ ಪಟ್ಟಿಯ ಕಡ್ಡಿಯೇ ಇಂದಿಗೂ ಅಲ್ಲಿ ಕೆಲಸ ಮಾಡುತ್ತಿದೆ, ಏಕೆಂದರೆ ಕಡಿಮೆ ತೂಕದಲ್ಲಿ ಅಷ್ಟು ಗಡಸುತನ ಬೇರೆ ಆಕಾರಕ್ಕೆ ಸುಲಭವಾಗಿ ಬರುವುದಿಲ್ಲ. ಹೊರತುಂಡಿಗೆ ಫೈಬರ್‌ಗ್ಲಾಸ್ ಬೇಕು. ಅದು ಬಿಲ್ಲಿನಂತೆ ಬಾಗಿ ಹಿಂದಿರುಗುತ್ತದೆ. ಅಲ್ಯುಮಿನಿಯಂ ಆದರೆ ಒಮ್ಮೆ ಬಾಗಿದ್ದು ಬಾಗಿದ ಹಾಗೇ, ಕೈಯಿಂದ ನೆಟ್ಟಗೆ ಮಾಡಿದ ಜಾಗದಲ್ಲೇ ಮುಂದಿನ ಸಲ ಮುರಿಯುತ್ತದೆ. ಫೈಬರ್‌ಗ್ಲಾಸ್ ಸೋಲುವುದು ಬೇರೆ ಕಡೆ: ಲೋಹದ ತೊಟ್ಟಿಗೆ ಅದನ್ನು ಸಿಕ್ಕಿಸಿ ಅಮುಕಿದ ಜಾಗದಲ್ಲಿ ಉದ್ದುದ್ದ ಸೀಳುತ್ತದೆ. ಅಂಗಡಿಯಲ್ಲೇ ಆ ಜಾಗ ನೋಡಿ. ಅಮುಕಿದ ಗುರುತು ಕಡ್ಡಿಯನ್ನು ಜಜ್ಜಿದಂತಿದ್ದರೆ ಸೀಳು ಆಗಲೇ ಶುರುವಾಗಿದೆ.

ಎರಡು ಪದರದ ಕೊಡೆಯಲ್ಲಿ ಮೇಲಿನ ಪದರ ಕೆಳಗಿನದರ ಮೇಲೆ ಸಾಕಷ್ಟು ಚಾಚಿಕೊಂಡು, ನಡುವೆ ಗಾಳಿಗೆ ದಾರಿ ಬಿಟ್ಟಿರುತ್ತದೆ. ಒಳಗಿನ ಒತ್ತಡ ಆ ದಾರಿಯಿಂದ ಹೊರಹೋಗುತ್ತದೆ, ಉಪಯೋಗ ನಿಜ. ಆದರೆ ಮಡಚು ಕೊಡೆಯಲ್ಲಿ ಬಟ್ಟೆ ಹೆಚ್ಚಾದಷ್ಟೂ ಸುತ್ತು ದಪ್ಪವಾಗುತ್ತದೆ. ಕೆಲವದರಲ್ಲಿ ಪದರದ ನಡುವಿನ ಕಿಂಡಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ, ಅದು ಬರೀ ಅಲಂಕಾರ. ಕಡ್ಡಿ ಎಂಟರ ಬದಲು ಹತ್ತು ಇದ್ದರೆ ತುದಿಗಳ ನಡುವಿನ ಅಂಚು 37ರಿಂದ 30 ಸೆಂ.ಮೀ.ಗೆ ಇಳಿಯುತ್ತದೆ, ಬಟ್ಟೆ ಕಡಿಮೆ ಪಟಪಟಿಸುತ್ತದೆ, ತೂಕ ಏರುತ್ತದೆ.

ಮಗುಚಿದ ಕೊಡೆಯ ತುದಿ ಹಿಡಿದು ಎಳೆಯಬೇಡಿ. ಗಾಳಿಗೆ ಬೆನ್ನು ಮಾಡಿ ನಿಂತು ರನ್ನರನ್ನು ಕೆಳಕ್ಕೆ ಇಳಿಸಿ, ಕಡ್ಡಿಗಳು ತಾವೇ ಮರಳುತ್ತವೆ. ಮಗುಚುವುದು ದೋಷವಲ್ಲ, ಮಗುಚಿ ಮುರಿಯದೆ ಮರಳುವುದು ಒಳ್ಳೆಯ ಕೊಡೆಯ ಲಕ್ಷಣ.

ಪ್ರಶ್ನೆ: ಬಟನ್ ಒತ್ತಿದರೆ ಬಿಚ್ಚಿ, ಮತ್ತೆ ಒತ್ತಿದರೆ ಮುಚ್ಚುವ ಕೊಡೆ ಕೊಂಡಿದ್ದೇವೆ. ದಂಡವನ್ನು ಒಳಕ್ಕೆ ತಳ್ಳುವಾಗ ಅರ್ಧದಿಂದ ರಪ್ಪನೆ ಹಿಂದಕ್ಕೆ ಚಿಮ್ಮುತ್ತದೆ. ಕೆಟ್ಟಿದೆಯೇ?

ಉತ್ತರ: ಬಹುಶಃ ಕೆಟ್ಟಿಲ್ಲ, ಆದರೆ ಎಚ್ಚರಿಕೆ ಬೇಕು. ಕೊಳವೆಗಳ ಒಳಗೆ ಉದ್ದನೆಯ ಸ್ಪ್ರಿಂಗ್ ಅದುಮಿಕೊಂಡು ಕುಳಿತಿದೆ. ಬಟನ್ ಒತ್ತಿದಾಗ ಅದು ದಂಡವನ್ನು ಚಾಚುತ್ತದೆ. ದಂಡದೊಳಗಿನ ಗಟ್ಟಿ ದಾರ ನೆತ್ತಿಯ ಸಣ್ಣ ಗಾಲಿಯ ಮೇಲೆ ಹಾದು ರನ್ನರ್‌ಗೆ ಕಟ್ಟಿರುವುದರಿಂದ, ದಂಡ ಉದ್ದವಾದಂತೆ ರನ್ನರ್ ಮೇಲಕ್ಕೆ ಹೋಗಿ ಚಿಲಕಕ್ಕೆ ಸಿಕ್ಕುತ್ತದೆ. ಎರಡನೆಯ ಸಲ ಒತ್ತಿದಾಗ ಬಿಡುಗಡೆಯಾಗುವುದು ಚಿಲಕ ಮಾತ್ರ. ಆಸರೆ ಕಡ್ಡಿಗಳ ಪಕ್ಕದ ಪುಟ್ಟ ಸ್ಪ್ರಿಂಗ್‌ಗಳು ಬಟ್ಟೆಯನ್ನು ಮುಚ್ಚುತ್ತವೆ, ದಂಡ ಉದ್ದವಾಗಿಯೇ ಇರುತ್ತದೆ. ಮುಂದಿನ ಸಲ ಬಿಚ್ಚಲು ಬೇಕಾದ ಶಕ್ತಿಯನ್ನು ತುಂಬುವುದು ನೀವು ತಳ್ಳುವ ಆ ತಳ್ಳಿನಿಂದಲೇ. ಅರ್ಧಕ್ಕೆ ಕೈಬಿಟ್ಟರೆ ತುಂಬಿದ್ದೆಲ್ಲ ಒಂದೇ ಏಟಿಗೆ ಹೊರಬರುತ್ತದೆ.

ತಳ್ಳುವಾಗ ಮುಖವನ್ನು ದಂಡದ ನೇರಕ್ಕೆ ತರಬೇಡಿ, ಮಕ್ಕಳು ಎದುರು ನಿಲ್ಲದಿರಲಿ. ಬಟನ್ ಮೇಲೆ ಬೆರಳು ಇರಬಾರದು. ನೆತ್ತಿಯ ಟೋಪಿಯನ್ನು ನೆಲಕ್ಕೆ ಊರಿ, ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದು, ಟಕ್ ಎನ್ನುವವರೆಗೆ ಒಂದೇ ಸಮನೆ ಒತ್ತಿ. ಟಕ್ ಎಂದ ಮೇಲೂ ನಿಲ್ಲದಿದ್ದರೆ ಹಿಡಿಕೆಯೊಳಗಿನ ಕೊಕ್ಕೆಗೆ ಮರಳು ಅಥವಾ ತುಕ್ಕು ಸೇರಿರಬೇಕು, ಇಲ್ಲವೇ ಕೊಕ್ಕೆ ಸವೆದಿರಬೇಕು. ದಂಡ ಚಾಚಿದರೂ ಬಟ್ಟೆ ಬಿಚ್ಚದಿದ್ದರೆ ಒಳಗಿನ ದಾರ ತುಂಡಾಗಿದೆ. ಎರಡಕ್ಕೂ ಮನೆಯಲ್ಲಿ ಹಿಡಿಕೆ ಬಿಚ್ಚಬೇಡಿ, ಅದುಮಿದ ಸ್ಪ್ರಿಂಗ್ ಕಣ್ಣಿಗೆ ಹಾರುತ್ತದೆ. ತಳ್ಳಿದಷ್ಟಕ್ಕೇ ನಿಲ್ಲುವ, ಹಿಂದಕ್ಕೆ ಚಿಮ್ಮದ ದಂಡದ ಮಾದರಿಗಳೂ ಬಂದಿವೆ. ವಯಸ್ಸಾದವರಿಗೆ, ಮಣಿಕಟ್ಟು ನೋವಿರುವವರಿಗೆ ಅದು, ಇಲ್ಲದಿದ್ದರೆ ಕೈಯಿಂದಲೇ ಬಿಚ್ಚುವ ಕೊಡೆ ಕೊಡಿಸಿ.

ಪ್ರಶ್ನೆ: ಜೋರು ಮಳೆಯಲ್ಲಿ ಕೊಡೆಯ ಒಳಗೆ ಸಣ್ಣ ತುಂತುರು ಬೀಳುತ್ತದೆ, ಎಲ್ಲೂ ತೂತಿಲ್ಲ.

ಉತ್ತರ: ಹನಿ ರಭಸದಿಂದ ಬಡಿದಾಗ ನೇಯ್ಗೆಯ ಸಂದಿನಲ್ಲಿ ಒಡೆದು ಒಳಗೆ ಸಿಡಿಯುತ್ತದೆ. ಚೀಟಿಯ 190ಟಿ, 210ಟಿ ಎಂಬುದು ಒಂದು ಇಂಚಿನಲ್ಲಿ ಹಾಸು ಹೊಕ್ಕು ಸೇರಿ ಎಷ್ಟು ಎಳೆ ಎಂಬ ಲೆಕ್ಕ. ಹೆಚ್ಚಿದ್ದಷ್ಟೂ ನೇಯ್ಗೆ ಒತ್ತು. ಹೊಸದರಲ್ಲಿ ಹನಿ ಉರುಳಿಹೋಗುತ್ತಿತ್ತು, ಈಗ ಬಟ್ಟೆ ಹೀರಿ ಕಪ್ಪಾಗುತ್ತಿದೆ ಎಂದಾದರೆ ಮೇಲಿನ ಲೇಪ ಕೊಳೆಯಿಂದ ಮಂಕಾಗಿದೆ. ಉಗುರುಬೆಚ್ಚಗಿನ ನೀರಿನಲ್ಲಿ ಸೋಪಿನ ಅಂಶ ಉಳಿಯದಂತೆ ತೊಳೆದು ಒಣಗಿಸಿ, ಹೇರ್ ಡ್ರೈಯರ್‌ನಿಂದ ಹದವಾಗಿ ಬಿಸಿ ಕೊಡಿ. ಎಷ್ಟೋ ಸಲ ಲೇಪ ಮತ್ತೆ ಚೇತರಿಸಿಕೊಳ್ಳುತ್ತದೆ. ನೀರು ದಂಡದ ಗುಂಟ ಇಳಿಯುತ್ತಿದ್ದರೆ ಸಮಸ್ಯೆ ಬಟ್ಟೆಯದಲ್ಲ, ನೆತ್ತಿಯ ಟೋಪಿ ಸಡಿಲವಾಗಿದೆ. ಅದನ್ನು ತಿರುಗಿಸಿ ಬಿಗಿ ಮಾಡಿ.

ಪ್ರಶ್ನೆ: ಒಂದು ಕೀಲಿನ ರಿವೆಟ್ ಬಿದ್ದುಹೋಗಿದೆ. ಮನೆಯಲ್ಲೇ ಸರಿಮಾಡಬಹುದೇ?

ಉತ್ತರ: ಆಗುತ್ತದೆ. ತೂತಿಗೆ ಸಡಿಲವಿಲ್ಲದೆ ಹೋಗುವಷ್ಟು ದಪ್ಪದ ಹಿತ್ತಾಳೆ ತಂತಿ ತೆಗೆದುಕೊಳ್ಳಿ, ಬಹುತೇಕ 1.5 ಮಿ.ಮೀ. ಹತ್ತಿರ ಇರುತ್ತದೆ. ಎರಡು ತುಂಡುಗಳ ನಡುವೆ ಒಂದು ಕಾಗದದ ಚೂರು ಸೇರಿಸಿ ತಂತಿ ತೂರಿಸಿ, ಎರಡೂ ಕಡೆ ಒಂದೂವರೆ ಮಿ.ಮೀ. ಬಿಟ್ಟು ಕತ್ತರಿಸಿ. ಕಬ್ಬಿಣದ ದಪ್ಪ ವಸ್ತುವಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಒಂದು ಬದಿ ತಟ್ಟಿ, ತಿರುಗಿಸಿ ಇನ್ನೊಂದು ಬದಿ ತಟ್ಟಿ, ತಲೆ ಅರಳುವಂತೆ ಮಾಡಿ. ಆಮೇಲೆ ಕಾಗದ ಕಿತ್ತರೆ ಕೀಲು ಆಡುವಷ್ಟು ಸಂದು ಉಳಿಯುತ್ತದೆ. ಕಾಗದ ಹಾಕದೆ ಬಡಿದರೆ ಕೀಲು ಬಿಗಿದು, ಬಿಚ್ಚುವಾಗ ಪಕ್ಕದ ತಂತಿ ಬಾಗುತ್ತದೆ. ಅರಳಿದ ತಲೆಯ ಚೂಪನ್ನು ಅರದಿಂದ ಉಜ್ಜಿ, ಇಲ್ಲವಾದರೆ ಮಡಚಿದಾಗಲೆಲ್ಲ ಬಟ್ಟೆಯನ್ನು ಕೊರೆಯುತ್ತದೆ. ಮುರಿದ ಲೋಹದ ಕಡ್ಡಿಗೆ ಹಳೆಯ ಕೊಡೆಯ ಕಡ್ಡಿಯಿಂದ 3 ಸೆಂ.ಮೀ. ತುಂಡು ಕತ್ತರಿಸಿ, ಮುರಿದ ಜಾಗದ ಮೇಲೆ ಕವಚವಾಗಿ ಕೂರಿಸಿ ಇಕ್ಕಳದಿಂದ ಅಮುಕಿ. ಕಡ್ಡಿಯ ತುದಿಗೆ ಬಟ್ಟೆ ಹೊಲಿಯಲು ಪಾಲಿಯೆಸ್ಟರ್ ದಾರವೇ ಬೇಕು, ಹತ್ತಿ ದಾರ ನೀರಿಗೆ ಕೊಳೆಯುತ್ತದೆ.

ಕೆಲಸ ಮುಗಿದ ಮೇಲೆ ಕೀಲುಗಳಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ತುದಿಯಿಂದ ಒಂದೊಂದು ಹನಿ ಮುಟ್ಟಿಸಿ ಒರೆಸಿ. ನೆನೆದ ಕೊಡೆಯನ್ನು ಚೀಲದೊಳಗೆ ರಾತ್ರಿಯಿಡೀ ಬಿಡುವುದರಿಂದ ಈ ರಿವೆಟ್‌ಗಳೇ ಮೊದಲು ತುಕ್ಕು ಹಿಡಿಯುವುದು. ಬಿಚ್ಚಿಯೇ ನೆರಳಲ್ಲಿ ಒಣಗಿಸಿ.