ಜಾವಾದಲ್ಲಿ ಅಷ್ಟೊಂದು ಜನ ಯಾಕೆ?

ಪ್ರಶ್ನೆ: ಜಾವಾ ದ್ವೀಪದಲ್ಲಿ ಅಷ್ಟೊಂದು ಜನ ಹೇಗೆ? ಎಲ್ಲರೂ ಒಂದೇ ಜನಾಂಗದ ಮುಸ್ಲಿಮರಾ?
– ಓದುಗರೊಬ್ಬರು, ಮದ್ದೂರು

ಉತ್ತರ: ಇಂಡೋನೇಷ್ಯಾ ದೇಶದ, ಕರ್ನಾಟಕಕ್ಕಿಂತ ಚಿಕ್ಕ ದ್ವೀಪ ಅದು, ಆದರೂ 2020ರ ಜನಗಣತಿಯಲ್ಲಿ 15 ಕೋಟಿ ದಾಟಿತ್ತು. ಮುಖ್ಯ ಕಾರಣ ಮಣ್ಣು. ಜ್ವಾಲಾಮುಖಿಯ ಬೂದಿ ಬಿದ್ದ ನೆಲ, ಒಳ್ಳೆ ಮಳೆ, ಜೊತೆಗೆ ನೀರಾವರಿ. ಗದ್ದೆಗೆ ನೀರು ಹರಿದರೆ ಊರು ಹೇಗೆ ಬೆಳೆಯುತ್ತದೆ ಅಂತ ಮಂಡ್ಯದವರಿಗೆ ಹೇಳಬೇಕಿಲ್ಲ ಅಲ್ವಾ?

ಜನಾಂಗ ಒಂದೇ ಅಲ್ಲ. ಜಾವಾನೀಯರು ಜಾಸ್ತಿ, ಪಶ್ಚಿಮದಲ್ಲಿ ಸುಂಡಾ ಜನ, ಪೂರ್ವದಲ್ಲಿ ಮದುರಾದವರು, ಜಕಾರ್ತಾದಲ್ಲಿ ಬೆತಾವಿಗಳು. ಬಹುಪಾಲು ಮುಸ್ಲಿಮರು ಅನ್ನೋದು ನಿಜ. ಇಸ್ಲಾಂ ಅಲ್ಲಿಗೆ ವ್ಯಾಪಾರಿಗಳು, ಸಂತರ ಜೊತೆ ಬಂತು, ‘ವಾಲಿ ಸಂಗಾ’ ಎಂಬ ಒಂಬತ್ತು ಸಂತರ ಗೋರಿಗಳಿಗೆ ಜನ ಇಂದಿಗೂ ಯಾತ್ರೆ ಹೋಗುತ್ತಾರೆ. ಮಹಾಭಾರತದ ತೊಗಲುಗೊಂಬೆಯಾಟವನ್ನೂ ಅವರು ಬಿಟ್ಟಿಲ್ಲ, ನನಗೆ ತುಂಬಾ ಇಷ್ಟವಾಗೋದು ಇದೇ. ಬ್ರೋಮೋ ಬೆಟ್ಟದ ಸುತ್ತಲಿನ ತೆಂಗೆರ್ ಜನರಲ್ಲಿ ಹೆಚ್ಚಿನವರು ಈಗಲೂ ಹಿಂದೂಗಳು.