ಹೊಸ ರೇಡಿಯೇಟರ್ ಹಾಕಿಸಿದ ಮೇಲೂ ಇಂಜಿನ್ ಬಿಸಿಯಾಗುತ್ತಿದೆ, ಏಕೆ?

ಪ್ರಶ್ನೆ: ನಮ್ಮದು ಹಳೆಯ ಪೆಟ್ರೋಲ್ ಕಾರು. ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಬಿರುಕು ಬಿಟ್ಟಿದ್ದರಿಂದ ಹೋದ ತಿಂಗಳು ಹೊಸದು ಹಾಕಿಸಿದೆ. ಊರೊಳಗೆ ಓಡಿಸಿದರೆ ತೊಂದರೆಯಿಲ್ಲ. ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಆಗ ಹೀಟರ್ ಹಾಕಿದರೆ ತಣ್ಣನೆ ಗಾಳಿ ಬರುತ್ತದೆ. ಥರ್ಮೋಸ್ಟಾಟ್ ವಾಲ್ವ್ ತೆಗೆದುಬಿಡೋಣ ಅನ್ನುತ್ತಾರೆ ಮೆಕ್ಯಾನಿಕ್. ತೆಗೆಸಲಾ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ದಯವಿಟ್ಟು ತೆಗೆಸಬೇಡಿ. ಇಂಜಿನ್ ಕಾಯುವವರೆಗೆ ರೇಡಿಯೇಟರಿಗೆ ನೀರು ಹೋಗದಂತೆ ತಡೆಯುವ ವಾಲ್ವ್ ಅದು. ಹೀಟರ್ ವಿಷಯ ಬರೆದದ್ದು ಒಳ್ಳೆಯದಾಯಿತು, ಸುಳಿವು ಅಲ್ಲೇ ಇದೆ. ಇಂಜಿನ್ ಕಾದಿದ್ದರೂ ಹೀಟರಿನಲ್ಲಿ ಬಿಸಿ ಇಲ್ಲ ಎಂದರೆ ಅಲ್ಲಿಗೆ ಬಿಸಿನೀರು ತಲುಪುತ್ತಿಲ್ಲ. ರೇಡಿಯೇಟರ್ ಬದಲಿಸಿದ ಮೇಲೆ ಹೀಗಾದರೆ ಮೊದಲು ಅನುಮಾನಿಸಬೇಕಾದದ್ದು ಏರ್‌ಲಾಕ್. ಹೊಸದಾಗಿ ಕೂಲೆಂಟ್ (ಇಂಜಿನ್ ತಣಿಸುವ ದ್ರವ) ತುಂಬುವಾಗ ಪೈಪುಗಳಲ್ಲಿ ಗಾಳಿ ಉಳಿದುಬಿಟ್ಟಿರಬಹುದು.

ಗಾಳಿ ತೆಗೆಯುವ ಕೆಲಸಕ್ಕೆ ತಾಳ್ಮೆ ಬೇಕು. ಇಂಜಿನ್ ಪೂರ್ತಿ ಆರಿರುವಾಗಲೇ ಶುರು ಮಾಡಿ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಕಾರಿನ ಮೂತಿ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ಫುಲ್ ಬಿಸಿಗೆ ತಿರುಗಿಸಿ. ಮುಚ್ಚಳ ತೆಗೆದು ನಿಧಾನವಾಗಿ ಕೂಲೆಂಟ್ ಹಾಕುತ್ತಾ ಮೇಲಿನ ಹೋಸ್ ಪೈಪನ್ನು ಕೈಯಲ್ಲಿ ಹಿಸುಕುತ್ತಿರಿ. ಗುಳುಗುಳು ಅಂತ ಗುಳ್ಳೆ ಎದ್ದು ಮಟ್ಟ ಇಳಿಯುತ್ತದೆ, ಮತ್ತೆ ತುಂಬಿ. ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಇರುವ ಗಾಡಿಯಾದರೆ ಅದನ್ನೂ ಸಡಿಲಿಸಿ. ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ, ಫ್ಯಾನ್ ಒಂದೆರಡು ಸಲ ತಿರುಗಿ ನಿಲ್ಲುವವರೆಗೆ ಇಂಜಿನ್ ಓಡಿಸಿ. ಹೀಟರಿನಲ್ಲಿ ಬಿಸಿ ಗಾಳಿ ಬಂತಾ, ಪೈಪಿನಲ್ಲಿದ್ದ ಗಾಳಿ ಹೋಯಿತು ಎಂದರ್ಥ. ಮಾರನೇ ಬೆಳಿಗ್ಗೆ ಮಟ್ಟ ಇನ್ನೊಮ್ಮೆ ನೋಡಿ.

ಹಳೆಯ ಮುಚ್ಚಳವನ್ನೇ ಹಾಕಿದ್ದಾರಾ? ಹಾಗಿದ್ದರೆ ಅದನ್ನೂ ಬದಲಿಸಿ, ಹಳೆಯದರ ಮೇಲೆ 0.9 ಅಥವಾ 1.1 (ಬಾರ್, ಒತ್ತಡದ ಅಳತೆ) ಎಂದೇನು ಬರೆದಿದೆಯೋ ಅದೇ ತನ್ನಿ. ಒಳಗೆ 1 ಬಾರ್ ಒತ್ತಡ ನಿಂತರೆ ನೀರು 100ರ ಬದಲು ಸುಮಾರು 120 ಡಿಗ್ರಿಗೆ ಕುದಿಯುತ್ತದೆ. ಮುಚ್ಚಳದ ರಬ್ಬರ್ ಹೋಗಿದ್ದರೆ ಆ ಅನುಕೂಲವೇ ಇಲ್ಲ, ಘಾಟಿಯಲ್ಲಿ ಅದು ಬೇಗ ಗೊತ್ತಾಗುತ್ತದೆ.

ಬೋರ್‌ವೆಲ್ ನೀರನ್ನಂತೂ ಹಾಕಲೇಬೇಡಿ. ಪಾತ್ರೆಗೆ ಬಿಳಿ ಕರೆ ಕಟ್ಟುವ ಹಾಗೆಯೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ನೀರು ಬೆರೆಸಿ ಬಳಸುವ ಕೂಲೆಂಟ್ ಆದರೆ ಅದು ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಸಾಕು. ಹಿಂದೆ ಸೋರಿಕೆ ನಿಲ್ಲಿಸಲು ಯಾರಾದರೂ ಅರಿಶಿನ ಪುಡಿ ಸುರಿದಿದ್ದರೆ ಮೊದಲು ಇಡೀ ಸಿಸ್ಟಂ ಫ್ಲಶ್ ಮಾಡಿಸಿ. ಆ ಕೆಸರು ಹೀಟರಿನಲ್ಲೂ ಕೂತಿರುತ್ತದೆ.

ಥರ್ಮೋಸ್ಟಾಟ್ ವಿಷಯಕ್ಕೆ ಬಂದರೆ, ಅದು ಕೆಟ್ಟಿದ್ದರೆ ಹೊಸದು ಹಾಕಿಸಿ. ಸುಮ್ನೆ ಕಿತ್ತು ಎಸೆದರೆ ಇಂಜಿನ್ ಬೇಗ ಕಾಯುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಗುಳ್ಳೆ ಬರುತ್ತಲೇ ಇದ್ದರೆ, ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಘಾಟಿ ಹತ್ತಬೇಡಿ.