ಚೇಂಬರ್ ಊರಿನದು, ಅಸೋಸಿಯೇಷನ್ ಕಸುಬಿನದು

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಚೇಂಬರ್ ಮತ್ತು ಸಂಘದ (ಅಸೋಸಿಯೇಷನ್) ಸದಸ್ಯತ್ವದ ಬಗ್ಗೆಯೇ ಇವೆ. ಎಷ್ಟು ಸಲ ಹೇಳಿದರೂ ಇದು ಮುಗಿಯುತ್ತಿಲ್ಲ. ಹಾಗಾಗಿ ಒಂದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ.

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಫೌಂಡ್ರಿ (ಲೋಹ ಎರಕದ ಕಾರ್ಖಾನೆ) ಇದೆ. ಫೌಂಡ್ರಿ ಮಾಲೀಕರ ಸಂಘದಲ್ಲಿದ್ದೇನೆ. ಈಗ ಚೇಂಬರ್ ಆಫ್ ಕಾಮರ್ಸ್‌ಗೂ ಸೇರಿ ಅಂತಿದ್ದಾರೆ. ಎರಡೂ ಒಂದೇ ಅಲ್ವಾ? ಸುಮ್ನೆ ಎರಡು ಕಡೆ ದುಡ್ಡು ಯಾಕೆ?

ಒಂದೇ ಅಲ್ಲ. ಸಂಘದಲ್ಲಿ ನಿಮ್ಮ ಪಕ್ಕ ಕೂರುವವರು ಇನ್ನೊಬ್ಬ ಫೌಂಡ್ರಿಯವರು. ಚೇಂಬರ್‌ನಲ್ಲಿ ಪಕ್ಕ ಕೂರುವವರು ನಿಮಗೆ ಸ್ಕ್ರ್ಯಾಪ್ ಮಾರುವವರಿರಬಹುದು, ನಿಮ್ಮ ಕಾಸ್ಟಿಂಗ್ (ಎರಕದ ಮಾಲು) ಕೊಳ್ಳುವವರಿರಬಹುದು, ಹೋಟೆಲಿನವರು, ಲಾರಿ ಮಾಲೀಕರು, ಬಟ್ಟೆ ಅಂಗಡಿಯವರೂ ಇರಬಹುದು. ಅವರನ್ನೆಲ್ಲ ಕೂಡಿಸಿದ್ದು ಊರು.

ಸ್ಕ್ರ್ಯಾಪ್ ರೇಟ್ ಏರಿದಾಗ ಚೇಂಬರ್ ಬಾಯಿ ಬಿಡಲಿಲ್ಲ ಅಂತ ಕೆಲವರು ಸಿಟ್ಟಾಗುತ್ತಾರೆ. ಹೇಗೆ ಬಿಡುತ್ತದೆ? ಮಾರುವವರೂ ಅಲ್ಲಿಯ ಸದಸ್ಯರೇ. ಪಿಗ್ ಐರನ್ (ಕರಗಿಸಲು ತರುವ ಕಚ್ಚಾ ಕಬ್ಬಿಣ) ದರ, ಅಚ್ಚಿಗೆ ಬಳಸಿ ಬಿಟ್ಟ ಉಸುಕನ್ನು ಎಲ್ಲಿ ಹಾಕುವುದು, ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸ್, ಇವೆಲ್ಲ ಸಂಘದ ಕೆಲಸ. ವಿಮಾನ, ರೈಲು, ರಸ್ತೆ, ಪಾಲಿಕೆಯ ತೆರಿಗೆ ಚೇಂಬರ್ ಕೆಲಸ.

ಎರಡೂ ಬೇಕಾಗುವ ಜಾಗವೂ ಇದೆ: ಕರೆಂಟ್. ನಮಗೆ ಕರೆಂಟ್ ಕೊಡುವ ಹೆಸ್ಕಾಂ ದರ ಏರಿಸಬೇಕಾದರೆ ಕೆಇಆರ್‌ಸಿಗೆ, ಅಂದರೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗಕ್ಕೆ, ಅರ್ಜಿ ಹಾಕಬೇಕು. ಆಯೋಗ ಆಕ್ಷೇಪಣೆ ಕರೆದು ವಿಚಾರಣೆ ನಡೆಸುತ್ತದೆ. ಅಲ್ಲಿ ಇಡೀ ಊರಿನ ಪರವಾಗಿ ಚೇಂಬರ್ ಮಾತಾಡಬಹುದು. ಆದರೆ ಇಂಡಕ್ಷನ್ ಫರ್ನೇಸಿನಲ್ಲಿ (ಕರೆಂಟಿನ ಕುಲುಮೆ) ಒಂದು ಟನ್ ಕಬ್ಬಿಣ ಕರಗಿಸಲು ಸಾಮಾನ್ಯವಾಗಿ 550ರಿಂದ 650 ಯೂನಿಟ್ ಬೇಕು, ದರ ಇಷ್ಟು ಏರಿದರೆ ಕಿಲೋ ಕಾಸ್ಟಿಂಗ್‌ಗೆ ಇಷ್ಟು ಖರ್ಚು ಏರುತ್ತದೆ ಅಂತ ಲೆಕ್ಕ ಇಡಬೇಕಾದವರು ಫೌಂಡ್ರಿಯವರೇ. 'ಉದ್ಯಮ ಮುಳುಗುತ್ತಿದೆ' ಅಂತ ಬರೀ ಭಾಷಣ ಮಾಡಿದರೆ ಯಾರ ತಲೆಗೂ ಹೋಗುವುದಿಲ್ಲ. ಅಂದ ಹಾಗೆ, ಆಕ್ಷೇಪಣೆ ಹಾಕಲು ಯಾವ ಸದಸ್ಯತ್ವವೂ ಬೇಡ. ನೀವೊಬ್ಬರೇ ಹಾಕಬಹುದು.

ಜರ್ಮನಿಯಲ್ಲಿ ಚೇಂಬರ್ ಸದಸ್ಯತ್ವ ಕಾನೂನಿನಿಂದಲೇ ಕಡ್ಡಾಯ. ನಮ್ಮಲ್ಲಿ ಹಾಗಿಲ್ಲ. ಇಲ್ಲಿ ಎರಡೂ ಖಾಸಗಿ ಸಂಸ್ಥೆಗಳು, ಇಷ್ಟವಿದ್ದರೆ ಸೇರುವುದು. 'ಸರ್ಕಾರದ್ದು' ಅಂತ ಹೇಳಿ ದುಡ್ಡು ಕೇಳಿದರೆ ಅದು ಸುಳ್ಳು.

ನನ್ನ ಸಲಹೆ: ಸಂಘ ಬಿಡಬೇಡಿ. ಮಾಲು ಹೊರದೇಶಕ್ಕೆ ಕಳಿಸುವ ಯೋಚನೆ ಇದ್ದರೆ ಚೇಂಬರ್‌ಗೂ ಸೇರಿ. ಸರಕು ಭಾರತದ್ದೇ ಎಂಬ ಮೂಲ ಪ್ರಮಾಣಪತ್ರವನ್ನು ಅಧಿಕಾರ ಪಡೆದ ಚೇಂಬರ್‌ಗಳು ಕೊಡುತ್ತವೆ. ಆದರೆ ದುಡ್ಡು ಕಟ್ಟುವ ಮುಂಚೆ ಬೈಲಾ (ಸಂಸ್ಥೆಯ ನಿಯಮಾವಳಿ) ಓದಿ. ಹೋದ ವರ್ಷದ ಆಡಿಟ್ ಆದ ಲೆಕ್ಕ ಕೇಳಿ. ಯಾವ ಇಲಾಖೆಗೆ ಏನು ಪತ್ರ ಬರೆದರು, ಉತ್ತರ ಏನು ಬಂತು, ತೋರಿಸಿ ಅನ್ನಿ. ಸನ್ಮಾನದ ಫೋಟೊ ಮಾತ್ರ ತೋರಿಸಿದರೆ ಎದ್ದು ಬನ್ನಿ.

ಪ್ರಶ್ನೆ: ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರ ನಾನು. ಒಣದ್ರಾಕ್ಷಿ ಆಮದು ನಿಲ್ಲಿಸಿ ಅಂತ ಚೇಂಬರ್ ಯಾಕೆ ಕೇಳುವುದಿಲ್ಲ?

ಆಮದು ಮಾಲು ಮಾರುವವರೂ ಅಲ್ಲಿ ಇರಬಹುದು, ಅದಕ್ಕೆ. ಬೆಳೆಗಾರರ ಸಂಘ ಗಟ್ಟಿ ಮಾಡಿಕೊಳ್ಳಿ. ಇನ್ನೊಂದು ಮಾತು. ರೈತರೇ ಮಾರುವ ಒಣದ್ರಾಕ್ಷಿಗೆ ಜಿಎಸ್‌ಟಿ ಇಲ್ಲ ಅಂತ ಜಿಎಸ್‌ಟಿ ಮಂಡಳಿ 2024ರ ಡಿಸೆಂಬರ್‌ನಲ್ಲೇ ಸ್ಪಷ್ಟಪಡಿಸಿದೆ. ತೆರಿಗೆ ಅಂತ ಯಾರಾದರೂ ನಿಮ್ಮ ಮಾರಾಟದ ಪಟ್ಟಿಯಲ್ಲಿ ಮುರಿದುಕೊಂಡರೆ ಸುಮ್ಮನಿರಬೇಡಿ.

ಪ್ರಶ್ನೆ: ಜಮಖಂಡಿಯಲ್ಲಿ ಔಷಧ ಏಜೆನ್ಸಿ ಹಿಡಿಯಬೇಕು. ಔಷಧ ವ್ಯಾಪಾರಿಗಳ ಸಂಘದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ತರದಿದ್ದರೆ ಕಂಪನಿ ಮಾಲು ಕೊಡಲ್ಲ ಅಂತಾರೆ.

ಬೇಕಾಗಿಲ್ಲ. ನಿಮಗೆ ಬೇಕಾದದ್ದು ಔಷಧ ನಿಯಂತ್ರಣ ಇಲಾಖೆಯ ಲೈಸೆನ್ಸ್. ಎನ್‌ಒಸಿಗೆ ಪಟ್ಟು ಹಿಡಿದ ಹಲವು ರಾಜ್ಯಗಳ ಔಷಧ ವ್ಯಾಪಾರಿಗಳ ಸಂಘಗಳಿಗೆ ಸ್ಪರ್ಧಾ ಆಯೋಗ ದಂಡ ಹಾಕಿದೆ. ಎಲ್ಲರೂ ಒಂದೇ ರೇಟಿಗೆ ಮಾರಬೇಕು ಅಂತ ಸಂಘ ಠರಾವು ಮಾಡುವುದೂ 2002ರ ಸ್ಪರ್ಧಾ ಕಾಯ್ದೆಯಲ್ಲಿ ತಪ್ಪು. ಅಂಥ ಠರಾವಿಗೆ ಸಹಿ ಹಾಕಬೇಡಿ, ಎಷ್ಟೇ ಆಪ್ತರು ಹೇಳಲಿ.

ಪ್ರಶ್ನೆ: ಚೇಂಬರ್ ಸದಸ್ಯತ್ವ, ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ), ಐಇಸಿ (ಆಮದು-ರಫ್ತಿಗೆ ಬೇಕಾದ ಕೋಡ್) ಎಲ್ಲ ಸೇರಿ ಏಜೆಂಟರು 25,000 ಕೇಳುತ್ತಿದ್ದಾರೆ. ಕೊಡಬಹುದಾ?

ಬೇಡ. ಉದ್ಯಮ್ ನೋಂದಣಿ ಉಚಿತ. ಐಇಸಿಗೆ ಸರ್ಕಾರದ ಶುಲ್ಕ 500 ರೂಪಾಯಿ. ಎರಡೂ ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಆಗುತ್ತವೆ, ಐಇಸಿಗೆ ಚೇಂಬರ್ ಸದಸ್ಯತ್ವ ಬೇಕಿಲ್ಲ.